ಚಿಕ್ಕಮಗಳೂರಿನ ಹಳೆಯ ವಿಡಿಯೊ ಗೇಮ್ ಪಂದ್ಯಾವಳಿ: ಆಟಗಾರನಾಗಿ ಹೋಗಲೇ, ಸ್ವಯಂಸೇವಕನಾಗಿ ಹೋಗಲೇ?

ಕೈಮರ_ಕಾಂಟ್ರಾ
ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಹಳೆಯ ವಿಡಿಯೊ ಗೇಮ್‌ಗಳ ಪಂದ್ಯಾವಳಿಯೊಂದು ನಡೆಯಲಿದೆ. ಟೆಟ್ರಿಸ್, ಸೂಪರ್ ಮಾರಿಯೊ, ಕಾಂಟ್ರಾ ಹಾಗೂ ಸ್ಟ್ರೀಟ್ ಫೈಟರ್ 2 ಇರುತ್ತವೆ ಎಂದು ಆಯೋಜಕರು ಹೇಳಿದ್ದಾರೆ. ಆಟಗಾರರ ನೋಂದಣಿಯ ಜೊತೆಗೆ ಸ್ವಯಂಸೇವಕರಿಗೂ ಕರೆ ಕೊಟ್ಟಿದ್ದಾರೆ. ನಾನು ಕಾಂಟ್ರಾವನ್ನು ಚಿಕ್ಕಂದಿನಿಂದ ಆಡುತ್ತಿದ್ದರೂ ಮನೆಯವರನ್ನು ಬಿಟ್ಟು ಬೇರೆಯವರ ಪಕ್ಕದಲ್ಲಿ ಕುಳಿತು ಆಡಿದವನಲ್ಲ. ನಮ್ಮ ಜಿಲ್ಲೆಯಲ್ಲಿ ಈ ಆಟಗಳನ್ನು ಇಂದಿಗೂ ಮನಸ್ಸಿಟ್ಟು ಆಡುವವರು ಯಾರಿದ್ದಾರೆ ಎಂದು ತಿಳಿಯಬೇಕು, ಅವರೊಡನೆ ಕುಳಿತು ಮಾತನಾಡಬೇಕು ಎಂಬ ಆಸೆ ನನಗೆ ಬಹುಮಾನದ ಆಸೆಗಿಂತ ದೊಡ್ಡದು.

ಹೀಗಿರುವಾಗ ಯಾವ ದಾರಿ ಒಳ್ಳೆಯದು? ಸ್ವಯಂಸೇವಕನಾದರೆ ದಿನವಿಡೀ ಕೆಲಸದಲ್ಲೇ ಕಳೆದು ಆಡುವ ಅವಕಾಶ ತಪ್ಪಿಹೋಗುತ್ತದೆಯೇ? ಆಟಗಾರನಾದರೆ ಅಪರಿಚಿತರ ನಡುವೆ ಯಾರೊಡನೆ ಹೇಗೆ ಮಾತು ತೆಗೆಯುವುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೂಡಿಗೆರೆ_ಮಾರಿಯೊ
ಆಟಗಾರರಾಗಿಯೇ ಹೋಗಿ. ಎದುರಾಳಿಯಾಗಿ ಕುಳಿತವರ ಪರಿಚಯ ತಾನಾಗಿಯೇ ಆಗುತ್ತದೆ, ಅದಕ್ಕೆ ಬೇರೆ ಪ್ರಯತ್ನ ಬೇಕಿಲ್ಲ.

ಹಾಸನದ_ಅಂಕಪಟ್ಟಿ
ಮೇಲಿನ ಮಾತನ್ನು ನಾನು ಒಪ್ಪುವುದಿಲ್ಲ. ನಾಕ್‌ಔಟ್ ಪಂದ್ಯಾವಳಿ ಎಂದರೆ ಬಂದವರಲ್ಲಿ ಅರ್ಧದಷ್ಟು ಮಂದಿ ಮೊದಲ ಸುತ್ತಿನಲ್ಲೇ ಹೊರಗೆ. ಸೋತವರು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತು, ಫೋನ್ ನೋಡಿ, ಊಟದ ಹೊತ್ತಿಗೆ ಬಸ್ ಹಿಡಿಯುತ್ತಾರೆ. ಅವರು ಕಂಡದ್ದು ಒಬ್ಬನೇ ಎದುರಾಳಿಯನ್ನು, ಅದೂ ಇಬ್ಬರ ಕಣ್ಣೂ ಪರದೆಯ ಮೇಲೆ ನೆಟ್ಟಿದ್ದಾಗ.

ಹಾಸನದಲ್ಲಿ ನಾವು ಗೆಳೆಯರು ಸೇರಿ ಬಿ.ಎಂ. ರಸ್ತೆಯ ಸಮೀಪದ ಸಭಾಂಗಣದಲ್ಲಿ ಇಂಥದೇ ಸಣ್ಣ ಪಂದ್ಯಾವಳಿ ನಡೆಸಿದಾಗ ನಾನು ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ ಟೆಟ್ರಿಸ್ ಮೇಜಿನಲ್ಲಿ ಅಂಕ ಬರೆಯುವ ಕೆಲಸ ವಹಿಸಿಕೊಂಡಿದ್ದೆ. ಆ ಮೇಜಿಗೆ ಬರುವ ಪ್ರತಿಯೊಬ್ಬರ ಹೆಸರು, ಊರು ಕೇಳಿ ಬರೆದುಕೊಳ್ಳಬೇಕು, ಯಾವ ಮಟ್ಟದಿಂದ ಆರಂಭಿಸುತ್ತೀರಿ ಎಂದು ವಿಚಾರಿಸಬೇಕು, ಆಟ ಮುಗಿಯುವವರೆಗೆ ಪರದೆಯಿಂದ ಕಣ್ಣು ತೆಗೆಯದೆ ಕುಳಿತು ಕೊನೆಯಲ್ಲಿ ಅಂಕ ತೋರಿಸಿ ಸಹಿ ಪಡೆಯಬೇಕು. ಅಷ್ಟರಲ್ಲಿ ಅವರು ಎಲ್ಲಿ ಆತುರಪಡುತ್ತಾರೆ, ಉದ್ದನೆಯ ತುಂಡಿಗಾಗಿ ಎಷ್ಟು ಹೊತ್ತು ಕಾಯುವ ಧೈರ್ಯ ಅವರಿಗಿದೆ ಎಂಬುದೆಲ್ಲ ನಮಗೆ ತಿಳಿದಿರುತ್ತದೆ. ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೇ? ಅರಸೀಕೆರೆಯ ಔಷಧಿ ಅಂಗಡಿಯವರು, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರು, ಮಗನನ್ನು ಕರೆತಂದು ತಾವೇ ಮಗನಿಗಿಂತ ಚೆನ್ನಾಗಿ ಆಡಿದ ಹೊಳೆನರಸೀಪುರದ ಶಿಕ್ಷಕಿ, ಇವರೆಲ್ಲರೂ ನನಗೆ ಆ ಮೇಜಿನಲ್ಲಿ ಸಿಕ್ಕವರು. ಇಂದಿಗೂ ನಾವು ಸೇರಿ ಆಡುತ್ತೇವೆ.

ಈ ಲೋಕದ ಚರಿತ್ರೆಯಲ್ಲೂ ಇದಕ್ಕೆ ದೊಡ್ಡ ನಿದರ್ಶನವಿದೆ. ಅಮೆರಿಕದ ಅಯೋವಾ ರಾಜ್ಯದ ಆಟಂವಾ ಎಂಬ ಸಣ್ಣ ಊರಿನಲ್ಲಿ 1981ರಲ್ಲಿ ಟ್ವಿನ್ ಗ್ಯಾಲಕ್ಸೀಸ್ ಎಂಬ ಆರ್ಕೇಡ್, ಅಂದರೆ ವಿಡಿಯೊ ಗೇಮ್ ಅಂಗಡಿ, ತೆರೆದ ವಾಲ್ಟರ್ ಡೇ, ಮರುವರ್ಷದಿಂದ ಬೇರೆ ಬೇರೆ ಊರುಗಳ ಗರಿಷ್ಠ ಅಂಕಗಳನ್ನು ಸಂಗ್ರಹಿಸಿ ದಾಖಲಿಸತೊಡಗಿದರು. ಆ ತಲೆಮಾರಿನ ಶ್ರೇಷ್ಠ ಆಟಗಾರರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಆ ಪಟ್ಟಿಯ ಮೂಲಕ. ಡೇ ಅವರನ್ನು ಜನ ಇಂದು ನೆನೆಯುವುದು ಅವರು ಗಳಿಸಿದ ಅಂಕಗಳಿಗಾಗಿ ಅಲ್ಲ, ಬರೆದಿಟ್ಟ ಅಂಕಗಳಿಗಾಗಿ.

ಕಡೂರು_ಜಂಕ್ಷನ್
ಹಾಸನದವರ ಅನುಭವ ಚೆನ್ನಾಗಿದ್ದಿರಬಹುದು, ಆದರೆ ಎಲ್ಲ ಕಡೆಯೂ ಹಾಗೆಯೇ ಇರುತ್ತದೆ ಎಂದು ಹೊಸಬರಿಗೆ ಹೇಳುವುದು ಸರಿಯಲ್ಲ. ಬೇರೊಂದು ಊರಿನ ಪಂದ್ಯಾವಳಿಗೆ ನಾನು ಸ್ವಯಂಸೇವಕನಾಗಿ ಹೋಗಿದ್ದೆ. ಬೆಳಿಗ್ಗೆ ಟಿವಿಗಳನ್ನು ಎತ್ತಿಸಿದರು, ಮಧ್ಯಾಹ್ನ ಬಾಗಿಲಲ್ಲಿ ನಿಲ್ಲಿಸಿದರು, ಸಂಜೆ ಕುರ್ಚಿ ಮಡಿಸಲು ಹೇಳಿದರು. ಊಟಕ್ಕೆ ಬಿಟ್ಟದ್ದು ಎಲ್ಲರದೂ ಮುಗಿದ ಮೇಲೆ. ಯಾವ ಆಟಗಾರರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಪ್ರೀತಿಯಿಂದ ಬಂದವರನ್ನು ಸಂಬಳವಿಲ್ಲದ ಕೂಲಿಯವರಂತೆ ದುಡಿಸಿಕೊಳ್ಳುವ ಈ ಪದ್ಧತಿಯನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ.

ಆದ್ದರಿಂದ ಒಪ್ಪಿಕೊಳ್ಳುವ ಮೊದಲು ಆಯೋಜಕರನ್ನು ನೇರವಾಗಿ ಕೇಳಿ: ಯಾವ ಮೇಜು, ಎಷ್ಟು ಗಂಟೆ, ನಡುವೆ ನನ್ನನ್ನು ಬಿಡಿಸುವವರು ಯಾರು, ನಾನು ಯಾವ ಆಟದಲ್ಲಿ ಸ್ಪರ್ಧಿಸಬಹುದು. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಟಿಕೆಟ್ ಕೊಂಡು ಆಟಗಾರರಾಗಿ ಹೋಗಿ.

ಹಾಸನದ_ಅಂಕಪಟ್ಟಿ
ಕಡೂರಿನವರ ಪ್ರಶ್ನೆಗಳು ನ್ಯಾಯವಾದವು, ಅವನ್ನು ಕೇಳಲೇಬೇಕು. ಬಾಗಿಲ ಕೆಲಸಕ್ಕೂ ಮೇಜಿನ ಕೆಲಸಕ್ಕೂ ಬಹಳ ವ್ಯತ್ಯಾಸವಿದೆ ಎಂಬುದೂ ನಿಜ. ನಮ್ಮಲ್ಲಿ ಒಂದು ನಿಯಮವಿತ್ತು. ತಾನು ಅಂಕ ಬರೆಯುವ ಆಟದಲ್ಲಿ ಸ್ವಯಂಸೇವಕ ಸ್ಪರ್ಧಿಸಬಾರದು, ಉಳಿದ ಯಾವ ಆಟದಲ್ಲಾದರೂ ಸ್ಪರ್ಧಿಸಬಹುದು. ಅವನ ಪಂದ್ಯ ಬಂದಾಗ ಬೇರೆ ಮೇಜಿನವರು ಬಂದು ಕುಳಿತುಕೊಳ್ಳುತ್ತಿದ್ದರು. ಇದರಿಂದ ಯಾರಿಗೂ ಪಕ್ಷಪಾತದ ಅನುಮಾನ ಬರಲಿಲ್ಲ.

ಟ್ಯೂಬ್_ಟಿವಿ
ಟಿವಿ ಎತ್ತುವುದನ್ನು ಕೀಳಾಗಿ ಕಾಣಬೇಡಿ, ಪಂದ್ಯಾವಳಿ ನಿಂತಿರುವುದೇ ಅದರ ಮೇಲೆ. ಈ ಆಟಗಳನ್ನು ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿಯೇ ಆಡಬೇಕು. ಎಲ್‌ಸಿಡಿ ಟಿವಿ ಹಳೆಯ ಸಿಗ್ನಲ್ಲನ್ನು ತನ್ನ ಅಳತೆಗೆ ಹಿಗ್ಗಿಸಿ ತೋರಿಸುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ, ಗುಂಡಿ ಒತ್ತಿದ್ದಕ್ಕೂ ಮಾರಿಯೊ ಜಿಗಿದದ್ದಕ್ಕೂ ನಡುವೆ ಅಂತರ ಬೀಳುತ್ತದೆ. ಬಾತುಕೋಳಿ ಹೊಡೆಯುವ ಡಕ್ ಹಂಟ್ ಅಂತೂ ಎಲ್‌ಸಿಡಿಯಲ್ಲಿ ನಡೆಯುವುದೇ ಇಲ್ಲ. ಆಟದ ಬಂದೂಕಿನ ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ ಗುರಿಯ ಜಾಗದಲ್ಲಿ ಬಿಳಿಯ ಚೌಕ ಮಿಂಚುತ್ತದೆ, ಬಂದೂಕಿನೊಳಗಿನ ಬೆಳಕಿನ ಸಂವೇದಕ ಅದನ್ನು ಆ ಕ್ಷಣದಲ್ಲೇ ಕಾಣಬೇಕು. ತಡವಾಗಿ ಬಂದ ಬೆಳಕು ಅದಕ್ಕೆ ಲೆಕ್ಕಕ್ಕಿಲ್ಲ.

21 ಇಂಚಿನ ಟ್ಯೂಬ್ ಟಿವಿ 20 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಭಾರವೆಲ್ಲ ಮುಂದಿನ ಗಾಜಿನಲ್ಲೇ ಇರುತ್ತದೆ. ಗಾಜನ್ನು ಎದೆಯ ಕಡೆಗೆ ತಿರುಗಿಸಿಕೊಂಡು ಎತ್ತಿ, ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ, ಆದ್ದರಿಂದ ಹಿಂದಿನ ಮುಚ್ಚಳವನ್ನು ಯಾರೂ ತೆರೆಯಬಾರದು. ಮೈಕಿನ ದೊಡ್ಡ ಸ್ಪೀಕರುಗಳನ್ನು ಟಿವಿಯ ಪಕ್ಕದಲ್ಲಿ ಇಟ್ಟರೆ ಅಯಸ್ಕಾಂತದಿಂದ ಪರದೆಯಲ್ಲಿ ಬಣ್ಣದ ಕಲೆ ಮೂಡುತ್ತದೆ. ನಮ್ಮ ಕಡೆಯ ವೋಲ್ಟೇಜ್ ಏರಿಳಿತ ಎಲ್ಲರಿಗೂ ಗೊತ್ತಿರುವುದೇ, ಸ್ಟೆಬಿಲೈಸರ್ ಇಲ್ಲದೆ ಒಂದು ಟಿವಿಯನ್ನೂ ಹಚ್ಚಬೇಡಿ.

ಪರಿಚಯದ ಮಾತಿಗೆ ಬಂದರೆ, ಕೆಟ್ಟ ಜಾಯ್‌ಸ್ಟಿಕ್ ಬಿಚ್ಚಿ ಕುಳಿತವನ ಸುತ್ತ ಜನ ತಾವಾಗಿಯೇ ಸೇರುತ್ತಾರೆ. ಬಸ್ ನಿಲ್ದಾಣದ ಹತ್ತಿರ ಒಂದು ಕಾಲಕ್ಕೆ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ನನಗೆ ಸಿಕ್ಕಿದ್ದು ಹಾಗೆ. ಗುಂಡಿಯ ಕೆಳಗಿನ ಸವೆದ ರಬ್ಬರನ್ನು ಮತ್ತೆ ಕೆಲಸ ಮಾಡುವಂತೆ ಮಾಡುವುದನ್ನು ಅವರಿಂದಲೇ ಕಲಿತೆ.

ಸಕಲೇಶಪುರದ_ಮುಸ್ತಫಾ
ಪಟ್ಟಿಯಲ್ಲಿ ಮುಸ್ತಫಾ ಏಕಿಲ್ಲ? ನಮ್ಮ ಕಡೆಯ ಗೇಮ್ ಅಂಗಡಿಗಳಲ್ಲಿ ಅದನ್ನು ಆಡದವರೇ ಇರಲಿಲ್ಲ.

ಬೇಲೂರು_ಬ್ಲಾಕ್
1993ರಲ್ಲಿ ಕ್ಯಾಪ್ಕಾಮ್ ಸಂಸ್ಥೆ ತಂದ ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಮುಸ್ತಫಾ ಅದರಲ್ಲಿನ ಒಂದು ಪಾತ್ರ ಮಾತ್ರ. ಮೂವರು ಒಟ್ಟಿಗೆ ಆಡುವ ಆಟವಾದ್ದರಿಂದ ಸ್ಪರ್ಧೆಗಿಂತ ಬಿಡುವಿನ ಮೇಜಿಗೆ ಚೆನ್ನಾಗಿ ಹೊಂದುತ್ತದೆ. ಮೊದಲ ಸುತ್ತಿನಲ್ಲಿ ಸೋತವರು ಬಸ್ ಹಿಡಿಯದೆ ಉಳಿಯಬೇಕೆಂದರೆ ಅಂಥದೊಂದು ಮೇಜು ಇರಲೇಬೇಕು.

ಟೆಟ್ರಿಸ್ ಮೇಜಿನಲ್ಲಿ ಕೂರುವ ಸ್ವಯಂಸೇವಕರಿಗೆ ಆಟದ ಒಳಗುಟ್ಟು ಗೊತ್ತಿರಬೇಕು ಎಂಬುದು ನನ್ನ ಆಗ್ರಹ. ಅಲೆಕ್ಸೀ ಪಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ರಚಿಸಿದ ಈ ಆಟಕ್ಕೆ ಹತ್ತಾರು ರೂಪಗಳಿವೆ. 1988ರಲ್ಲಿ ಜಪಾನಿನ ಗೇಮ್ ಯಂತ್ರವಾದ ಫ್ಯಾಮಿಕಾಮ್‌ಗೆ ಬಂದ ರೂಪದಲ್ಲಿ ಕೆಳಗಿನ ಬಾಣದ ಗುಂಡಿ ತುಂಡನ್ನು ತಿರುಗಿಸುತ್ತದೆ, ಎ ಗುಂಡಿ ಒಮ್ಮೆಲೇ ಕೆಳಗೆ ಬೀಳಿಸುತ್ತದೆ. 1989ರಲ್ಲಿ ನಿಂಟೆಂಡೊ ಸಂಸ್ಥೆ ತಂದ ರೂಪದಲ್ಲಿ ಎ ಗುಂಡಿಯೇ ತಿರುಗಿಸುವುದು. ಒಂದಕ್ಕೆ ಒಗ್ಗಿದ ಕೈಯನ್ನು ಮುನ್ಸೂಚನೆ ಇಲ್ಲದೆ ಇನ್ನೊಂದರ ಮುಂದೆ ಕೂರಿಸಿದರೆ ಎಂಥ ಆಟಗಾರನೂ ಒಂದು ನಿಮಿಷದಲ್ಲಿ ಮುಗಿಯುತ್ತಾನೆ. 1989ರ ರೂಪದಲ್ಲೂ ಟಿವಿ ಸಿಗ್ನಲ್ಲಿನ ಪದ್ಧತಿಗೆ ತಕ್ಕಂತೆ ಅಮೆರಿಕದ ಎನ್‌ಟಿಎಸ್‌ಸಿ ಮತ್ತು ಯುರೋಪಿನ ಪ್ಯಾಲ್ ಎಂದು ಎರಡಿವೆ. ಮೊದಲನೆಯದರಲ್ಲಿ 19ನೆಯ ಮಟ್ಟದಿಂದ ತುಂಡು ಎರಡು ಫ್ರೇಮಿಗೆ, ಅಂದರೆ ಪರದೆಯ ಚಿತ್ರ ಎರಡು ಸಲ ಬದಲಾಗುವಷ್ಟರಲ್ಲಿ, ಒಂದು ಸಾಲು ಇಳಿಯುತ್ತದೆ, ಎರಡನೆಯದರಲ್ಲಿ ಅದೇ 19ರಿಂದಲೇ ಫ್ರೇಮಿಗೊಂದು ಸಾಲು. ಈ ಎರಡನ್ನು ಒಂದೇ ಅಂಕಪಟ್ಟಿಯಲ್ಲಿ ಸೇರಿಸುವುದು ಅನ್ಯಾಯ.

ಅಂಕದ ಲೆಕ್ಕವನ್ನೂ ತಿಳಿದಿರಿ. ನಾಲ್ಕು ಸಾಲು ಒಟ್ಟಿಗೆ ಹೋದರೆ 1,200 ಅಂಕ, ಒಂದೇ ಸಾಲಿಗೆ 40, ಅದನ್ನು ಮಟ್ಟದ ಸಂಖ್ಯೆಗೆ ಒಂದು ಕೂಡಿಸಿ ಗುಣಿಸಬೇಕು. ಅಂದರೆ 18ನೆಯ ಮಟ್ಟದಲ್ಲಿ ನಾಲ್ಕು ಸಾಲಿಗೆ 22,800, ಒಂದಕ್ಕೆ 760. ಇದು ಗೊತ್ತಿದ್ದವರಿಗೆ ಆಟಗಾರ ಬಾವಿಯನ್ನು, ಅಂದರೆ ಬದಿಯ ಒಂದು ಕಂಬದ ಜಾಗವನ್ನು, ಖಾಲಿ ಬಿಟ್ಟು ಉದ್ದನೆಯ ತುಂಡಿಗಾಗಿ ಕಾಯುತ್ತಿರುವುದು ಏಕೆಂದು ಅರ್ಥವಾಗುತ್ತದೆ, ನೋಡುವುದೂ ರೋಮಾಂಚನವಾಗುತ್ತದೆ.

ಮೂಡಿಗೆರೆ_ಮಾರಿಯೊ
29ನೆಯ ಮಟ್ಟಕ್ಕೆ ಬಂದರೆ ಟೆಟ್ರಿಸ್ ಮುಗಿದಂತೆಯೇ ಅಲ್ಲವೇ? ಅಲ್ಲಿಂದ ಮುಂದೆ ಹೋಗಲು ಸಾಧ್ಯವಿಲ್ಲ ಎಂದು ಕೇಳಿದ್ದೆ.

ಬೇಲೂರು_ಬ್ಲಾಕ್
ಅದು ಹಳೆಯ ನಂಬಿಕೆ. ಗುಂಡಿಯನ್ನು ಅತಿ ವೇಗವಾಗಿ ತಟ್ಟುವ ಹೈಪರ್‌ಟ್ಯಾಪಿಂಗ್, ಆಮೇಲೆ ಕಂಟ್ರೋಲರಿನ ಹಿಂಬದಿಯನ್ನು ಬೆರಳುಗಳಿಂದ ಸಾಲಾಗಿ ತಟ್ಟುವ ರೋಲಿಂಗ್ ಬಂದ ಮೇಲೆ ಆ ಗೋಡೆ ಒಡೆಯಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ 157ನೆಯ ಮಟ್ಟದವರೆಗೆ ಹೋಗಿ ಆಟವೇ ಸ್ಥಗಿತಗೊಳ್ಳುವಂತೆ ಮಾಡಿದ. ಅದಕ್ಕೂ ಮೊದಲು, 2018ರ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್‌ನಲ್ಲಿ ಏಳು ಬಾರಿಯ ಚಾಂಪಿಯನ್ ಜೋನಸ್ ನ್ಯೂಬಾವರ್ ಅವರನ್ನು 16 ವರ್ಷದ ಜೋಸೆಫ್ ಸೇಲಿ ಸೋಲಿಸಿದ್ದ. ಆತ ಹುಟ್ಟುವ ಮೊದಲೇ ಬಂದಿದ್ದ ಆಟ ಅದು. ತಂದೆಯ ವಯಸ್ಸಿನವರೂ ಮಗನ ವಯಸ್ಸಿನವರೂ ಸಮಾನರಾಗಿ ಕೂರುವ ಇಂಥ ಮೇಜು ಬೇರೆಲ್ಲಿ ಸಿಗುತ್ತದೆ, ಹೇಳಿ.

ಹೇಮಾವತಿ_8ಬಿಟ್
ಹೆಣ್ಣುಮಕ್ಕಳ ದೃಷ್ಟಿಯಿಂದ ಒಂದು ಮಾತು ಸೇರಿಸುತ್ತೇನೆ. ಇಂಥ ಸಭಾಂಗಣಕ್ಕೆ ಕಾಲಿಟ್ಟರೆ ಹುಡುಗರು ಗುಂಪು ಗುಂಪಾಗಿ ನಿಂತಿರುತ್ತಾರೆ, ನಾವು ಅಣ್ಣನ ಜೊತೆಯೋ ಗಂಡನ ಜೊತೆಯೋ ಬಂದವರು ಎಂದು ತಿಳಿಯುತ್ತಾರೆ. ಕೊರಳಲ್ಲಿ ಸ್ವಯಂಸೇವಕರ ಗುರುತುಪಟ್ಟಿ ಇದ್ದರೆ ಆ ತೊಂದರೆ ಇಲ್ಲ. ನಿಯಮ ಕೇಳಲು, ಪಾಳಿ ಕೇಳಲು ಎಲ್ಲರೂ ನಮ್ಮ ಬಳಿಗೇ ಬರುತ್ತಾರೆ. ಸ್ಟ್ರೀಟ್ ಫೈಟರ್ ಮೇಜಿನ ಪಾಳಿ ಕರೆಯುವ ಕೆಲಸ ಮಾಡಿದಾಗ ನನಗೆ ನಾಲ್ಕು ಜನ ಆಟಗಾರ್ತಿಯರು ಪರಿಚಯವಾದರು. ನನ್ನನ್ನು ಮೇಜಿನಲ್ಲಿ ನೋಡಿದ್ದರಿಂದಲೇ ತಮಗೂ ಹೆಸರು ಕೊಡುವ ಧೈರ್ಯ ಬಂದಿತು ಎಂದು ಅವರಲ್ಲಿ ಇಬ್ಬರು ಹೇಳಿದರು.

ಇದು ಗಂಡಸರ ಆಟ ಎನ್ನುವವರು ನೆನಪಿಡಬೇಕಾದದ್ದು: ಅಟಾರಿ ಸಂಸ್ಥೆ 1980ರಲ್ಲಿ ನಡೆಸಿದ, ಸಾವಿರಾರು ಜನ ಪಾಲ್ಗೊಂಡ ಸ್ಪೇಸ್ ಇನ್ವೇಡರ್ಸ್ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದವರು ರೆಬೆಕಾ ಹೈನ್‌ಮನ್. ಮುಂದೆ ಅವರು ಇಂಟರ್‌ಪ್ಲೇ ಎಂಬ ಗೇಮ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

ಆಯೋಜಕರು ಇದನ್ನು ಓದುತ್ತಿದ್ದರೆ, ದಯವಿಟ್ಟು ಪ್ರತಿ ಮೇಜಿಗೂ ಮಹಿಳಾ ಸ್ವಯಂಸೇವಕರನ್ನು ಹುಡುಕಿ, ಮತ್ತು ಬೇಲೂರು, ಹಾಸನದ ಕಡೆಗೆ ಹೋಗುವವರು ಕತ್ತಲಾಗುವ ಮೊದಲು ಬಸ್ ಹಿಡಿಯುವಂತೆ ಫೈನಲ್ ಪಂದ್ಯಗಳನ್ನು ಮುಗಿಸಿ.

ಮೂಡಿಗೆರೆ_ಮಾರಿಯೊ
ಬಸ್ಸಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ದಿನಾಂಕವನ್ನೂ ನೋಡಿಕೊಳ್ಳಲಿ. ಡಿಸೆಂಬರಿನಲ್ಲಿ ನಮ್ಮ ಕಡೆ ಅರೇಬಿಕಾ ಕೊಯ್ಲು, ತೋಟದ ಮನೆಯವರಿಗೆ ಭಾನುವಾರವೂ ಬಿಡುವಿರುವುದಿಲ್ಲ. ದತ್ತ ಜಯಂತಿಯ ದಿನಗಳಲ್ಲಿ ಊರಿನಲ್ಲಿ ಕೋಣೆ ಸಿಗುವುದು ಕಷ್ಟ.

ಮಾರಿಯೊ ನಿಯಮದ ಬಗ್ಗೆ ಯಾರೂ ಹೇಳಲಿಲ್ಲ. ವಾರ್ಪ್‌ಗೆ, ಅಂದರೆ ಗುಪ್ತ ಕೊಳವೆಯಿಂದ ಹಂತಗಳನ್ನು ದಾಟಿ ಹಾರುವುದಕ್ಕೆ, ಅವಕಾಶ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. 1-2ರಿಂದ (ಒಂದನೆಯ ಲೋಕದ ಎರಡನೆಯ ಹಂತದಿಂದ) ನೇರ 4-1ಕ್ಕೆ, 4-2ರಿಂದ 8-1ಕ್ಕೆ ಹಾರಿದರೆ 32 ಹಂತಗಳಲ್ಲಿ ಹೆಚ್ಚಿನವನ್ನು ಮುಟ್ಟಿದಂತೆಯೇ ಆಗುವುದಿಲ್ಲ.

ಟ್ಯೂಬ್_ಟಿವಿ
ವಾರ್ಪ್‌ಗೆ ಅವಕಾಶ ಕೊಡದಿದ್ದರೆ ಒಬ್ಬೊಬ್ಬರಿಗೂ ಅರ್ಧ ಗಂಟೆ ಬೇಕು. ಅಷ್ಟು ಟಿವಿಗಳು ಎಲ್ಲಿವೆ? ವಾರ್ಪ್ ಬಳಸಿ ನುರಿತವರು ಐದಾರು ನಿಮಿಷದಲ್ಲಿ ಮುಗಿಸುತ್ತಾರೆ, ಸಾಧಾರಣ ಆಟಗಾರರೂ ಹತ್ತು ನಿಮಿಷದಲ್ಲಿ ಎದ್ದೇಳುತ್ತಾರೆ. ಹೆಚ್ಚು ಜನರಿಗೆ ಆಡಲು ಸಿಗುವ ನಿಯಮವೇ ಒಳ್ಳೆಯ ನಿಯಮ.

ಕೈಮರ_ಕಾಂಟ್ರಾ
ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಆಯೋಜಕರಿಗೆ ಕರೆ ಮಾಡಿ ಕಡೂರಿನವರು ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಬೆಳಿಗ್ಗೆ ಕಾಂಟ್ರಾ ಮೇಜು, ಮಧ್ಯಾಹ್ನದ ನಂತರ ಬಿಡುವು, ಟೆಟ್ರಿಸ್‌ನಲ್ಲಿ ಸ್ಪರ್ಧಿಸಬಹುದು ಎಂದರು. ಒಪ್ಪಿಕೊಂಡಿದ್ದೇನೆ.

ಈಗ ಕಾಂಟ್ರಾ ಮೇಜಿನ ಬಗ್ಗೆ ನನ್ನದೊಂದು ಸಲಹೆ. ಇದು ಇಬ್ಬರು ಜೊತೆಯಾಗಿ ಆಡುವ ಆಟ. ಬಂದವರು ತಮ್ಮ ಗೆಳೆಯನ ಜೊತೆಗೇ ಆಡಿ ಹೋದರೆ ಪಂದ್ಯಾವಳಿಗೆ ಬಂದದ್ದಕ್ಕೂ ಮನೆಯಲ್ಲಿ ಆಡಿದ್ದಕ್ಕೂ ವ್ಯತ್ಯಾಸವೇನು? ಚೀಟಿ ಎತ್ತಿ ಜೋಡಿ ಮಾಡಿದರೆ ಹೇಗೆ? ಮೂರನೆಯ ಹಂತದ ಜಲಪಾತವನ್ನೇ ನೆನೆಸಿಕೊಳ್ಳಿ. ಒಬ್ಬ ಅವಸರದಲ್ಲಿ ಮೇಲೆ ಹತ್ತಿದರೆ ಪರದೆಯೂ ಅವನೊಂದಿಗೆ ಮೇಲಕ್ಕೆ ಸರಿದು, ಕೆಳಗೆ ಉಳಿದ ಜೊತೆಗಾರ ಸಾಯುತ್ತಾನೆ. ಪರಿಚಯವಿಲ್ಲದ ಇಬ್ಬರು ಅಲ್ಲಿ ಬಾಯಿ ಬಿಟ್ಟು ಮಾತನಾಡಲೇಬೇಕು, ಇಲ್ಲದಿದ್ದರೆ ದಾಟುವುದಿಲ್ಲ.

ಕಡೂರು_ಜಂಕ್ಷನ್
ಆಯೋಜಕರು ಸ್ಪಷ್ಟವಾಗಿ ಉತ್ತರಿಸಿದ್ದು ಸಂತೋಷ. ಆದರೆ ಚೀಟಿ ಎತ್ತುವುದು ಸ್ಪರ್ಧೆಯ ನ್ಯಾಯಕ್ಕೆ ವಿರುದ್ಧ. ವರ್ಷಗಟ್ಟಲೆ ಜೊತೆಯಾಗಿ ಅಭ್ಯಾಸ ಮಾಡಿದ ಜೋಡಿಯನ್ನು ಒಡೆದು, ಕಂಟ್ರೋಲರ್ ಹಿಡಿಯಲು ಬಾರದವರ ಜೊತೆ ಕೂರಿಸಿದರೆ ಅವರು ಮುಂದಿನ ಸಲ ಬರುತ್ತಾರೆಯೇ?

ಹೇಮಾವತಿ_8ಬಿಟ್
ಒಬ್ಬರೇ ಬರುವವರು ಏನು ಮಾಡಬೇಕು? ಜೋಡಿ ಕಡ್ಡಾಯ ಎಂದ ಕೂಡಲೇ ಅವರು ಹೊರಗುಳಿದ ಹಾಗೆ. ಈ ಆಟದಲ್ಲಿ ಜೊತೆಗಾರರನ್ನು ಹುಡುಕುತ್ತಿರುವವರೇ ನಮ್ಮಲ್ಲಿ ಹೆಚ್ಚು.

ಹಾಸನದ_ಅಂಕಪಟ್ಟಿ
ಎರಡು ವಿಭಾಗ ಮಾಡಿ. ಬೆಳಿಗ್ಗೆ ಚೀಟಿ ಎತ್ತಿದ ಜೋಡಿಗಳು, ಮಧ್ಯಾಹ್ನ ತಾವೇ ಆರಿಸಿಕೊಂಡ ಜೋಡಿಗಳು. ಬೆಸ ಸಂಖ್ಯೆಯಲ್ಲಿ ಒಬ್ಬರು ಉಳಿದರೆ ಬೇರೆ ಮೇಜಿನ ಸ್ವಯಂಸೇವಕರೊಬ್ಬರು ಜೊತೆಯಾಗಲಿ. ಬೆಳಿಗ್ಗೆ ಚೀಟಿಯಲ್ಲಿ ಸಿಕ್ಕ ಜೋಡಿ ಚೆನ್ನಾಗಿ ಆಡಿದರೆ ಮಧ್ಯಾಹ್ನವೂ ಅವರೇ ಒಟ್ಟಿಗೆ ಹೆಸರು ಕೊಡಬಹುದು. ಹಾಸನದಲ್ಲಿ ಹಾಗೆಯೇ ಆಯಿತು.

ಕಡೂರು_ಜಂಕ್ಷನ್
ಎರಡು ವಿಭಾಗವಾದರೆ ನನ್ನ ಆಕ್ಷೇಪವಿಲ್ಲ. ಮಧ್ಯಾಹ್ನದ ವಿಭಾಗಕ್ಕೆ ನಾನೂ ನನ್ನ ಸೋದರಳಿಯನೂ ಬರುತ್ತೇವೆ.

ಬೇಲೂರು_ಬ್ಲಾಕ್
ಕಾಂಟ್ರಾ ಮೇಜಿನವರು ಬೆಳಿಗ್ಗೆ ಎರಡು ಸಂಗತಿ ಪರೀಕ್ಷಿಸಬೇಕು. ಮೊದಲನೆಯದು ಕ್ಯಾಸೆಟ್. 9999 ಇನ್ 1 ಎಂದು ಮೇಲೆ ಬರೆದ ಕ್ಯಾಸೆಟ್ಟುಗಳಲ್ಲಿ ಕೆಲವೇ ಆಟಗಳು ಮತ್ತೆ ಮತ್ತೆ ಬರುತ್ತವೆ, ಆಟಗಳ ಪಟ್ಟಿಯ ಒಂದೊಂದು ಸಾಲಿನಲ್ಲೂ ಬೇರೆ ಹಂತದಿಂದ, ಬೇರೆ ಸಂಖ್ಯೆಯ ಜೀವಗಳಿಂದ ಆರಂಭವಾಗುತ್ತವೆ. ಮೂರು ಜೀವಗಳಿಂದ, ಒಂದನೆಯ ಹಂತದಿಂದ ಆರಂಭವಾಗುವ ಸಾಲು ಯಾವುದೆಂದು ಗುರುತಿಟ್ಟುಕೊಳ್ಳಿ. 30 ಜೀವ ಕೊಡುವ ಕೋಡನ್ನು ಯಾರೂ ಒತ್ತದಂತೆ ಆರಂಭದ ಪರದೆಯಲ್ಲಿ ಕಂಟ್ರೋಲರ್ ಸ್ವಯಂಸೇವಕರ ಕೈಯಲ್ಲೇ ಇರಲಿ. ಎರಡನೆಯದು ಟರ್ಬೊ. ನಮ್ಮಲ್ಲಿ ಮಾರಾಟವಾದ ಸೆಟ್‌ಗಳ ಕಂಟ್ರೋಲರಿನಲ್ಲಿ ಎ, ಬಿ ಗುಂಡಿಗಳ ಮೇಲೆ ಇನ್ನೆರಡು ಟರ್ಬೊ ಗುಂಡಿಗಳಿರುತ್ತವೆ, ಒತ್ತಿ ಹಿಡಿದರೆ ಗುಂಡು ತಾನಾಗಿಯೇ ಸುರಿಯುತ್ತದೆ. ಅವುಗಳ ಮೇಲೆ ಗಟ್ಟಿಯಾಗಿ ಟೇಪ್ ಅಂಟಿಸಿ.

ಸಕಲೇಶಪುರದ_ಮುಸ್ತಫಾ
ಜೀವ ಮುಗಿದವನು ಜೊತೆಗಾರನ ಜೀವವನ್ನು ತೆಗೆದುಕೊಳ್ಳಬಹುದಲ್ಲ, ಅದಕ್ಕೆ ಅನುಮತಿ ಇದೆಯೇ? ಚೀಟಿಯ ಜೋಡಿಯಲ್ಲಿ ಇದರಿಂದಲೇ ಜಗಳ ಬರಬಹುದು.

ಕೈಮರ_ಕಾಂಟ್ರಾ
ಆಟದಲ್ಲೇ ಇರುವ ಸೌಲಭ್ಯವಾದ್ದರಿಂದ ಅನುಮತಿ ಇರಲಿ, ಆದರೆ ಆರಂಭಕ್ಕೆ ಮೊದಲೇ ಇಬ್ಬರನ್ನೂ ಕೇಳಿ ಒಪ್ಪಿಗೆಯನ್ನು ಅಂಕಪಟ್ಟಿಯಲ್ಲಿ ಬರೆದುಕೊಳ್ಳುತ್ತೇನೆ. ಮುಸ್ತಫಾ ಮೇಜಿನ ವಿಷಯವನ್ನೂ ಆಯೋಜಕರಿಗೆ ಹೇಳಿದ್ದೇನೆ. ಯಂತ್ರ ಸಿಕ್ಕರೆ ಇಡುತ್ತೇವೆ, ನೋಡಿಕೊಳ್ಳಲು ಒಬ್ಬರು ಬೇಕು ಎಂದರು.

ಸಕಲೇಶಪುರದ_ಮುಸ್ತಫಾ
ಆ ಮೇಜಿಗೆ ನನ್ನ ಹೆಸರು ಬರೆಸಿ. ಹಿಂದಿನ ಸಂಜೆಯೇ ಬರುತ್ತೇನೆ, ಟಿವಿ ಎತ್ತಲೂ ಆಗುತ್ತದೆ.